ಪೆಟ್ಟಿಗೆ ಹೇಳಿದ ನಲವತ್ತು ನಿಮಿಷ

ಕಾಪು
9 ಜನವರಿ 2025

ಮದ್ದಿನ ವ್ಯಾನಿನ ಚಳಿ ಅಳೆಯುವ ಪೆಟ್ಟಿಗೆ ಮಾಡುವವರಿಗೆ,

ಕಾಪುವಿನಿಂದ ಆಮಿನಮ್ಮ ಬರೆಯುವುದು. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಪೆಟ್ಟಿಗೆಯಿಂದ ತೆಗೆದ ಕಾಗದದ ಅಡಿಯಲ್ಲಿ ಮಣಿಪಾಲದ ವಿಳಾಸ ಇತ್ತು, ನೋಡಿ ಬರೆದಿದ್ದೇನೆ. ಫೋನ್ ನಂಬರೂ ಇತ್ತು. ನಮ್ಮ ಮನೆ ಎಷ್ಟು ಸಣ್ಣದೆಂದರೆ ಇಲ್ಲಿ ಫೋನಿನಲ್ಲಿ ಮಾತಾಡಿದರೆ ಆಚೆ ಮನೆಯವರು ಉತ್ತರ ಕೊಡುತ್ತಾರೆ. ಅದಕ್ಕೆ ಕಾಗದ. ನಾನು ಕಲಿತದ್ದು ನಾಲ್ಕನೇ ಕ್ಲಾಸು, ಆಮೇಲೆ ಬೀಡಿ ಕಟ್ಟಲು ಕೂತವಳು. ಅಕ್ಷರ ವಕ್ರ ಇದ್ದರೆ ಕಾಗದವನ್ನು ಸ್ವಲ್ಪ ತಿರುಗಿಸಿ ಓದಿ.

ಅರ್ಶದ್ ನನ್ನ ಮಗಳ ಮಗ. ನಾನೇ ಸಾಕಿದ್ದು. ಉಡುಪಿಯ ಮದ್ದಿನ ಧಣಿ ಮೌರಿಸ್ ಪೊರ್ಬುಗಳ ತಣ್ಣನೆ ವ್ಯಾನನ್ನು ನಾಲ್ಕು ವರ್ಷ ಓಡಿಸಿದ. ಉಡುಪಿಯಿಂದ ಕಾಪು, ಪಡುಬಿದ್ರಿ, ಕಾರ್ಕಳ, ಕೊನೆಗೆ ಅಜೆಕಾರು. ಮಕ್ಕಳಿಗೆ ಚುಚ್ಚುವ ಮದ್ದು, ಸಕ್ಕರೆ ಕಾಯಿಲೆಯವರ ಇನ್ಸುಲಿನ್, ಇಂಥದ್ದು. ಒಂದು ದಿನ ತಡ ಮಾಡಿದವನಲ್ಲ.

ನವೆಂಬರ್ ಹದಿನೈದು ಶುಕ್ರವಾರ ಮಧ್ಯಾಹ್ನ ಅವನು ಜುಮಾಕ್ಕೆಂದು ನಮ್ಮ ಓಣಿಯ ಬಾದಾಮಿ ಮರದಡಿ ವ್ಯಾನ್ ನಿಲ್ಲಿಸಿ ಮಸೀದಿಗೆ ಹೋಗಿದ್ದ. ತಿಂಗಳ ಕೊನೆಗೆ ನಿಮ್ಮ ಪೆಟ್ಟಿಗೆಯ ಕಾಗದ ಬಂತು. ಹಿಂದಿನ ಬಾಗಿಲು ನಲವತ್ತು ನಿಮಿಷ ತೆರೆದಿತ್ತಂತೆ, ಒಳಗೆ ಚಳಿ ಹೋಗಿ ಮೂವತ್ತೇಳು ಡಿಗ್ರಿ ಆಗಿತ್ತಂತೆ. ಜುಮಾಕ್ಕೆ ಹೋಗಿ ಬರಲು ನಲವತ್ತೇ ನಿಮಿಷ ಅಲ್ವಾ, ಹಾಗಾಗಿ ಎಲ್ಲರೂ ನಂಬಿದರು. ಬಾಗಿಲು ಹಾರು ಹೊಡೆದು ನಮಾಜಿಗೆ ಹೋದ ಎಂದರು. ಅಂಗಡಿಗಳಿಂದ ಮದ್ದನ್ನೆಲ್ಲ ವಾಪಸು ತರಿಸಿ ಹೊಂಡಕ್ಕೆ ಹಾಕಿದರು. ಅಜೆಕಾರಿನಲ್ಲಿ ಎರಡು ದಿನ ಇನ್ಸುಲಿನ್ ಸಿಗಲಿಲ್ಲವಂತೆ. ಅರ್ಶದ್‌ನನ್ನು ಡಿಸೆಂಬರ್ ಎರಡಕ್ಕೆ ಕೆಲಸದಿಂದ ತೆಗೆದರು. ಈಗ ಅವನಿಗೆ ಆಟೋ ಕೊಡುವವರೂ ಇಲ್ಲ.

ಅರ್ಶದ್ ಆ ಬಾಗಿಲು ತೆರೆಯಲಿಲ್ಲ. ನಲವತ್ತು ನಿಮಿಷ ಅದು ತೆರೆದಿರಲೂ ಇಲ್ಲ. ನನಗೆ ಬೇಕಾದದ್ದು ಒಂದೇ ಮಾತು. ನಿಮ್ಮ ಪೆಟ್ಟಿಗೆ ತಪ್ಪು ಹೇಳುವುದುಂಟಾ?

ಆಮಿನಮ್ಮ


ಮಣಿಪಾಲ
20 ಜನವರಿ 2025

ಮಾನ್ಯರೇ,

ತಮ್ಮ ಪತ್ರ ತಲುಪಿದೆ. ನಮ್ಮ ಉಪಕರಣಗಳನ್ನು ಸೂಕ್ತ ಪರೀಕ್ಷೆಯ ನಂತರವೇ ಗ್ರಾಹಕರಿಗೆ ನೀಡಲಾಗುತ್ತದೆ. ಅವುಗಳ ಫ್ಲ್ಯಾಶ್ ಮೆಮೊರಿಯಲ್ಲಿ ದೋಷ ತಿದ್ದುಪಡಿಯ ವ್ಯವಸ್ಥೆ ಇರುವುದರಿಂದ ದಾಖಲೆ ತಪ್ಪಾಗುವ ಸಾಧ್ಯತೆ ಅತ್ಯಂತ ಕಡಿಮೆ. ನಿರ್ದಿಷ್ಟ ಗ್ರಾಹಕರ ದಾಖಲೆಯ ಬಗ್ಗೆ ಚರ್ಚಿಸಲು ನಮಗೆ ಅವಕಾಶವಿಲ್ಲ. ತಮಗಾದ ತೊಂದರೆಗೆ ವಿಷಾದಿಸುತ್ತೇವೆ.

ರೇಚಲ್
ಎಂಜಿನಿಯರ್, ಮೆಮೊರಿ ವಿಭಾಗ


ಕಾಪು
26 ಜನವರಿ 2025

ರೇಚಲ್ ಎಂಬವರಿಗೆ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಮೂರು ಸಲವೂ ಒಳಗೆ ಯಾರೂ ಇರಲಿಲ್ಲ.

ನಾನು ಕೇಳಿದ್ದು ತಪ್ಪು ಹೇಳುವುದುಂಟಾ ಎಂದು. ನೀವು ಕಡಿಮೆ ಎಂದಿದ್ದೀರಿ. ಕಡಿಮೆ ಎಂದರೆ ಉಂಟು ಎಂದಲ್ಲವಾ? ಅದನ್ನು ಬಾಯಿಬಿಟ್ಟು ಹೇಳಲು ನಿಮಗೆ ಹನ್ನೊಂದು ದಿನ ಬೇಕಾಯಿತು.

ದೋಷ ತಿದ್ದುಪಡಿ ಎಂದರೆ ಎಂತ? ನನಗೆ ಅರ್ಥವಾಗುವ ಹಾಗೆ ಬರೆಯಿರಿ. ನಾನು ಅಷ್ಟು ದಡ್ಡಿಯಲ್ಲ. ನಲವತ್ತೆರಡು ವರ್ಷ ಬೀಡಿ ಕಟ್ಟಿದ್ದೇನೆ. ಇಪ್ಪತ್ತೈದು ಬೀಡಿಯ ಕಟ್ಟನ್ನು ಬೀಡಿ ಕಂಪನಿಯ ಬ್ರಾಂಚಿಗೆ ಕೊಂಡು ಹೋದರೆ ಅಲ್ಲಿ ಚೆಕ್ಕರ್ ಕೂತಿರುತ್ತಾನೆ. ಕಟ್ಟಿನಲ್ಲಿ ಒಂದು ಬೀಡಿ ಸಡಿಲ ಇದ್ದರೆ ಎಳೆದು ತೆಗೆದು ಬೇರೆ ಸೇರಿಸುತ್ತಾನೆ. ಹಾಗೆ ನಿಮ್ಮ ಪೆಟ್ಟಿಗೆಯೊಳಗೆ ಯಾರಾದರೂ ಉಂಟಾ?

ಅರ್ಶದ್‌ಗೆ ಈಗ ಒಂದೇ ಮಾತು. ಬೈದರೆ ಆಯ್ತು ಎನ್ನುತ್ತಾನೆ, ಊಟಕ್ಕೆ ಕರೆದರೆ ಆಯ್ತು ಎನ್ನುತ್ತಾನೆ. ಗುರುವಾರ ಗುರುವಾರ ವ್ಯಾನಿನ ನೀಲಿ ಅಂಗಿಯನ್ನು ಒಗೆದು, ಇಸ್ತ್ರಿ ಹಾಕಿ, ಮೊಳೆಗೆ ತೂಗಿಸುತ್ತಾನೆ. ಹಾಕಿಕೊಳ್ಳುವುದಿಲ್ಲ. ಮುಂದಿನ ಗುರುವಾರ ಪುನಃ ಒಗೆಯುತ್ತಾನೆ. ಕೊಳೆಯಾಗದ ಅಂಗಿಯನ್ನು ಒಗೆಯುವವನನ್ನು ನೀವು ನೋಡಿದ್ದೀರಾ?

ಆಮಿನಮ್ಮ


ಅಲೆವೂರು
10 ಫೆಬ್ರವರಿ 2025

ಆಮಿನಮ್ಮನವರಿಗೆ,

ಇದನ್ನು ಕಚೇರಿಯಿಂದಲ್ಲ, ಅಲೆವೂರಿನ ನನ್ನ ರೂಮಿನಿಂದ ಬರೆಯುತ್ತಿದ್ದೇನೆ. ಹಿಂದಿನ ಪತ್ರವನ್ನು ಬರೆದದ್ದು ನಾನೇ, ಆದರೆ ಮಾತುಗಳು ಕಚೇರಿಯವು.

ಪೆಟ್ಟಿಗೆ ಪ್ರತಿಯೊಂದು ಸಂಖ್ಯೆಯನ್ನು ಸಾಲು ದೀಪಗಳ ಹಾಗೆ ಬರೆದಿಡುತ್ತದೆ. ಮೊದಲ ದೀಪ ಉರಿದರೆ ಒಂದು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಇಮ್ಮಡಿ ಆಗುತ್ತ ಆರನೆಯದಕ್ಕೆ ಮೂವತ್ತೆರಡು. ಉರಿಯುವ ದೀಪಗಳನ್ನು ಕೂಡಿಸಿದರೆ ಸಂಖ್ಯೆ ಸಿಗುತ್ತದೆ. ಇಂಥ ಸಾವಿರಾರು ದೀಪಗಳು ಸೇರಿ ಒಂದು ಪುಟ. ಬಿಸಿಲಿಗೆ, ಬಳಕೆಗೆ, ಕೆಲವು ದೀಪಗಳು ತಾವಾಗಿ ಹತ್ತುತ್ತವೆ ಅಥವಾ ಆರುತ್ತವೆ. ಅದಕ್ಕಾಗಿ ಪ್ರತಿ ಪುಟದ ಅಂಚಿನಲ್ಲಿ ಗುರುತು ಬರೆದಿಡುತ್ತೇವೆ. ಓದುವಾಗ ಆ ಗುರುತಿನೊಂದಿಗೆ ಹೋಲಿಸಿ ತಪ್ಪಿದ ದೀಪವನ್ನು ಹುಡುಕಿ ಸರಿ ಮಾಡುತ್ತೇವೆ. ನೀವು ಬರೆದ ಚೆಕ್ಕರ್ ಅದೇ. ನಾನು ಇಷ್ಟು ಚೆನ್ನಾಗಿ ಯಾರಿಗೂ ವಿವರಿಸಿರಲಿಲ್ಲ.

ನಮ್ಮ ಪೆಟ್ಟಿಗೆಯ ಚೆಕ್ಕರ್ ಪುಟಕ್ಕೆ ಒಂದು ತಪ್ಪನ್ನು ತಿದ್ದಬಲ್ಲ. ಎರಡಾದರೆ ತಿದ್ದಲಾಗುವುದಿಲ್ಲ. ಆದರೆ ಎಲ್ಲೋ ತಪ್ಪಿದೆ ಎಂಬುದು ಗೊತ್ತಾಗುತ್ತದೆ.

ಆ ವ್ಯಾನಿನ ಹಳೆಯ ಪೆಟ್ಟಿಗೆ ಸಿಕ್ಕಿದರೆ ನಾನು ಒಳಗಿನ ಮೆಮೊರಿ ಚಿಪ್ ಅನ್ನು ನೇರವಾಗಿ ಓದಿ ನೋಡಬಲ್ಲೆ. ಅದು ಮೌರಿಸ್ ಅವರ ಬಳಿ ಇರಬೇಕು. ಕಂಪನಿಯ ಮೂಲಕ ಕೇಳಿದರೆ ಆಗದು.

ಇನ್ನೊಂದು. ನಲವತ್ತು ನಿಮಿಷ ತೆರೆದಿರಲಿಲ್ಲ ಎಂದು ಅಷ್ಟು ಖಚಿತವಾಗಿ ಬರೆದಿದ್ದೀರಿ. ಸ್ವಲ್ಪ ಹೊತ್ತಾದರೂ ತೆರೆದಿತ್ತೇ? ಅರ್ಶದ್ ಅವರನ್ನು ಕೇಳಿ ತಿಳಿಸಿ.

ರೇಚಲ್


ಕಾಪು
17 ಫೆಬ್ರವರಿ 2025

ರೇಚಲ್ ಬಾಯಿ,

ಪೆಟ್ಟಿಗೆ ಸಿಕ್ಕಿತು. ಮೊನ್ನೆ ಉಡುಪಿಗೆ ಹೋಗಿ ಪೊರ್ಬುಗಳ ಆಫೀಸಿನಲ್ಲಿ ಕೂತೆ. ಪೊರ್ಬುಗಳಿಲ್ಲ ಎಂದರು. ನನಗೆ ಅವಸರವಿಲ್ಲ ಎಂದೆ. ಹನ್ನೊಂದಕ್ಕೆ ಈ ಬುರ್ಖಾದ ಮುದುಕಿಗೆ ಚಾ ಕೊಟ್ಟರು, ಹನ್ನೆರಡಕ್ಕೆ ಫ್ಯಾನ್ ಹಾಕಿದರು, ಒಂದೂವರೆಗೆ ಪೊರ್ಬುಗಳು ಹಿಂದಿನ ಕೋಣೆಯಿಂದಲೇ ಹೊರಗೆ ಬಂದರು, ಹಸಿವಾಗಿತ್ತು ಪಾಪ. ಎಂತ ಬೇಕು ಎಂದು ಕೇಳಿದರು. ಮೊಮ್ಮಗನ ಅನ್ನ ತಿಂದ ಪೆಟ್ಟಿಗೆ ನಿಮ್ಮಲ್ಲಿ ಉಂಟಲ್ಲ, ಅದು ಬೇಕು ಎಂದೆ. ಡ್ರಾಯರಿನಿಂದ ತೆಗೆದು ಕೊಟ್ಟರು. ಕೆಟ್ಟವರಲ್ಲ. ಕಾಗದವನ್ನು ನಂಬಿದವರು, ಅಷ್ಟೆ.

ಸಾಬೂನಿನ ಡಬ್ಬಿಯಷ್ಟೂ ಇಲ್ಲ ಅದು. ಮಣಿಪಾಲದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದೇನೆ.

ನಿಮ್ಮ ದೀಪದ ಮಾತು ಅರ್ಥವಾಯಿತು. ಆದರೆ ಬ್ರಾಂಚಿನಲ್ಲಿ ಒಂದು ಕಟ್ಟಿನಲ್ಲಿ ಎರಡು ಬೀಡಿ ಸಡಿಲ ಇದ್ದರೆ ಚೆಕ್ಕರ್ ಇಡೀ ಕಟ್ಟನ್ನು ನಮ್ಮ ಮಡಿಲಿಗೆ ಎಸೆದು, ಇದು ಆಗುವುದಿಲ್ಲ ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ. ನಿಮ್ಮ ಚೆಕ್ಕರ್‌ಗೆ ತಪ್ಪು ಗೊತ್ತಾಗುತ್ತದೆ ಎಂದು ಬರೆದಿದ್ದೀರಿ. ಗೊತ್ತಾದರೆ ಕೂಗಬೇಕಲ್ಲ. ಕಾಗದದಲ್ಲಿ ಹಾಗೆ ಏನೂ ಬರಲಿಲ್ಲ. ಅವನ ಬಾಯಿ ಮುಚ್ಚಿಸಿದ್ದು ಯಾರು ಮಾರಾಯ್ತಿ?

ಅರ್ಶದ್ ಬಾಗಿಲು ತೆರೆಯಲಿಲ್ಲ. ಮೊದಲ ಕಾಗದದಲ್ಲಿಯೇ ಬರೆದಿದ್ದೇನೆ. ಪುನಃ ಪುನಃ ಕೇಳಬೇಡಿ.

ಆಮಿನಮ್ಮ


ಕಾಪು
11 ಮಾರ್ಚ್ 2025

ರೇಚಲ್ ಬಾಯಿ,

ಕಂಡಕ್ಟರ್ ಪೆಟ್ಟಿಗೆಯನ್ನು ನಿಮ್ಮ ಕೈಗೇ ಕೊಟ್ಟೆ ಎಂದ. ಕನ್ನಡಕ ಹಾಕಿದ, ಸಪೂರದ ಹೆಂಗಸು ಎಂದ. ಹಾಗಾದರೆ ತಲುಪಿದೆ.

ಉಪವಾಸ ನಡೆಯುತ್ತಿದೆ. ಕಾಗದ ಬರಲಿಲ್ಲ.

ಆಮಿನಮ್ಮ


ಕಾಪು
30 ಮಾರ್ಚ್ 2025

ರೇಚಲ್ ಬಾಯಿ,

ನಾಳೆ ಹಬ್ಬ. ಅರ್ಶದ್‌ಗೆ ಹೊಸ ಅಂಗಿ ತಂದೆ. ಆಯ್ತು ಎಂದ. ಅದರ ಪ್ಲಾಸ್ಟಿಕ್ ಬಿಚ್ಚಲಿಲ್ಲ.

ನೀಲಿ ಅಂಗಿಯನ್ನು ಒಗೆಯುವುದನ್ನು ಬಿಟ್ಟಿದ್ದಾನೆ. ನಾಲ್ಕು ಗುರುವಾರ ಆಯಿತು. ಮೊದಲು ಅವನು ಒಗೆಯುವಾಗ ನನಗೆ ಸಿಟ್ಟು ಬರುತ್ತಿತ್ತು. ಈಗ ಅದು ಮೊಳೆಯಲ್ಲಿ ಧೂಳು ಹಿಡಿಯುವುದನ್ನು ನೋಡುತ್ತೇನೆ. ಏನೂ ಅನಿಸುವುದಿಲ್ಲ. ನನಗೂ ಹಾಗೆಯೇ ಆಗಿದೆ.

ಕಾಗದ ಬರೆಯದಿದ್ದರೆ ಬೇಡ. ಪೆಟ್ಟಿಗೆಯನ್ನಾದರೂ ವಾಪಸು ಕಳಿಸಿ.

ಆಮಿನಮ್ಮ


ಅಲೆವೂರು
22 ಏಪ್ರಿಲ್ 2025

ಆಮಿನಮ್ಮನವರಿಗೆ,

ಚೆಕ್ಕರನ ಬಾಯಿ ಮುಚ್ಚಿಸಿದ್ದು ನಾನು.

ಪೆಟ್ಟಿಗೆ ಕೈಗೆ ಬಂದ ವಾರದಲ್ಲೇ ನನಗೆ ಉತ್ತರ ಗೊತ್ತಾಗಿತ್ತು. ನಿಮ್ಮ ಮೂರು ಕಾಗದಗಳು ಮೇಜಿನ ಮೇಲಿದ್ದವು. ಪ್ರತಿ ದಿನ ಅವುಗಳ ಪಕ್ಕದಲ್ಲೇ ಊಟದ ಡಬ್ಬಿ ಇಟ್ಟು ಉಣ್ಣುತ್ತಿದ್ದೆ.

ಎರಡು ವರ್ಷದ ಹಿಂದೆ ನಾವು ಬಳಸುತ್ತಿದ್ದ ಚಿಪ್ ಸಿಗದೆ ಹೊಸ ಜಾತಿಯ ಚಿಪ್ ಬಂತು. ಹಳೆಯದಕ್ಕೆ ಪುಟಕ್ಕೆ ಒಂದು ತಪ್ಪನ್ನು ತಿದ್ದಿದರೆ ಸಾಕಿತ್ತು. ಹೊಸದಕ್ಕೆ ನಾಲ್ಕನ್ನು ತಿದ್ದಬೇಕು ಎಂದು ಅದರ ಕೈಪಿಡಿಯಲ್ಲೇ ಇತ್ತು. ಹಾಗೆ ಹೊಂದಿಸುವುದು ನನ್ನ ಕೆಲಸ. ಹೊಂದಿಸಲಿಲ್ಲ. ಹಳೆಯದನ್ನೇ ನಕಲು ಮಾಡಿದೆ, ಕೆಲಸ ಮಾಡುತ್ತಿತ್ತು, ಬಿಟ್ಟೆ. ಆಮೇಲೆ ಕೆಲವು ಪೆಟ್ಟಿಗೆಗಳು ತಿದ್ದಲಾಗದ ತಪ್ಪು ಎಂದು ಬೀಪ್ ಕೊಡತೊಡಗಿದವು. ಗ್ರಾಹಕರು ದೂರಿದರು. ಮೇಲಿನವರು ಬೀಪ್ ನಿಲ್ಲಿಸು ಎಂದರು. ಯಾಕೆ ಬರುತ್ತಿದೆ ಎಂದು ನೋಡಬೇಕಿತ್ತು. ಬೀಪನ್ನು ಮಾತ್ರ ನಿಲ್ಲಿಸಿದೆ. ತಿದ್ದಲಾಗದಿದ್ದರೆ ಇದ್ದದ್ದನ್ನು ಇದ್ದ ಹಾಗೆ ಕೊಟ್ಟುಬಿಡು, ಮಾತಾಡಬೇಡ ಎಂದು ಬರೆದೆ. ಒಂದೇ ಸಾಲು.

ಆ ಶುಕ್ರವಾರದ ಪುಟವನ್ನು ನೂರು ಸಲ ಓದಿಸಿದೆ. ಗಟ್ಟಿ ಇರುವ ದೀಪ ನೂರು ಸಲವೂ ಒಂದೇ ಉತ್ತರ ಕೊಡುತ್ತದೆ. ಕೆಟ್ಟದ್ದು ಒಮ್ಮೆ ಹತ್ತಿದೆ ಎನ್ನುತ್ತದೆ, ಒಮ್ಮೆ ಆರಿದೆ ಎನ್ನುತ್ತದೆ. ಅಂಥವು ಎರಡು ಸಿಕ್ಕಿದವು, ಎರಡೂ ಮೂವತ್ತೆರಡರ ದೀಪಗಳೇ. ಅವು ಆರಿದ್ದವೆಂದು ತೆಗೆದುಕೊಂಡರೆ ಅಂಚಿನ ಗುರುತಿಗೆ ಸರಿಯಾಗಿ ಹೊಂದುತ್ತದೆ. ಮೂವತ್ತೇಳು ಡಿಗ್ರಿ ಅಲ್ಲ, ಐದು. ನಲವತ್ತು ನಿಮಿಷ ಅಲ್ಲ, ಎಂಟು. ಮದ್ದಿಗೆ ಏನೂ ಆಗಿರಲಿಲ್ಲ. ಒಳ್ಳೆಯ ಮದ್ದನ್ನು ಹೊಂಡಕ್ಕೆ ಹಾಕಿದರು.

ಇದನ್ನು ಕಂಪನಿಗೆ ಬರೆದುಕೊಟ್ಟಿದ್ದೇನೆ. ತೊಂಬತ್ತೆರಡು ಪೆಟ್ಟಿಗೆಗಳನ್ನು ವಾಪಸು ತರಿಸುತ್ತಿದ್ದಾರೆ. ನನ್ನನ್ನು ಸದ್ಯ ಮನೆಯಲ್ಲಿರಲು ಹೇಳಿದ್ದಾರೆ. ಮೌರಿಸ್ ಅವರಿಗೂ ನಾನೇ ಹೋಗಿ ಹೇಳಿದೆ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಎಂಟಾದರೂ ತೆರೆದದ್ದು ಹೌದಲ್ಲ ಬಾಯಿ. ಅವ ನನ್ನ ಮುಖ ನೋಡಿ ತೆರೆಯಲೇ ಇಲ್ಲ ಅಂದ. ಸುಳ್ಳು ಹೇಳುವವನ ಕೈಗೆ ಮದ್ದು ಹೇಗೆ ಕೊಡುವುದು?"

ಆ ಎಂಟು ನಿಮಿಷ ಪೆಟ್ಟಿಗೆಯ ತಪ್ಪಲ್ಲ. ಅದು ಗಟ್ಟಿ ದೀಪ, ನೂರು ಸಲವೂ ಎಂಟೇ. ದಯವಿಟ್ಟು ಅರ್ಶದ್ ಅವರನ್ನು ಕೇಳಿ. ಯಾಕೆ ತೆರೆದರು ಎಂದು ಹೇಳಿದರೆ ಸಾಕು, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ.

ಕ್ಷಮಿಸಿ ಎಂದು ಬರೆಯಬೇಕು. ಬರೆದು ಹೊಡೆದು ಹಾಕಿದೆ. ಅದರಿಂದ ನಿಮಗೆ ಎಂತ ಪ್ರಯೋಜನ.

ರೇಚಲ್


ಕಾಪು
19 ಮೇ 2025

ರೇಚಲ್‌ಗೆ,

ನಿನ್ನ ಕಾಗದ ಬಂದು ಇಪ್ಪತ್ತೈದು ದಿನವಾಯಿತು. ನಿನಗೆ ಬೈದು ಒಂದು ಕಾಗದ ಬರೆದೆ, ಹರಿದೆ. ಬೈಯುವ ಬಾಯಿ ಸರಿ ಇಲ್ಲದಾಗ ಎಷ್ಟು ಬೈದರೂ ಅಷ್ಟೆ.

ಬಾಗಿಲು ತೆರೆದದ್ದು ನಾನು.

ನನ್ನ ಮೊಮ್ಮಗಳು ಸಮೀಹಾ, ಅರ್ಶದ್‌ನ ತಂಗಿ, ಅಜೆಕಾರಿನಲ್ಲಿ. ಎರಡನೆಯ ಹೆರಿಗೆ, ಗಂಡನ ಮನೆಯಲ್ಲೇ ಆಯಿತು. ಹನ್ನೆರಡು ದಿನವಾದರೂ ಹಾಲು ಸರಿಯಾಗಿ ಬರಲಿಲ್ಲ. ಫೋನ್ ಮಾಡಿದರೆ ಅವಳ ಮಾತಿಗಿಂತ ಮಗುವಿನ ಅಳು ಹೆಚ್ಚು ಕೇಳುತ್ತಿತ್ತು. ನಮ್ಮಲ್ಲಿ ಬಾಣಂತಿಗೆ ಹಾಲು ಬರಲು ತಾಟೆ ಮೀನು ಕೊಡುವುದು. ಮರಿ ತಾಟೆ, ಕಡಲಿನಿಂದ ಬಂದ ದಿನವೇ ಆಗಬೇಕು. ಆ ಘಟ್ಟದ ಬುಡಕ್ಕೆ ಬರುವ ಮೀನು ಮೂರು ದಿನದ್ದು, ಅದನ್ನು ಬೆಕ್ಕೂ ಮೂಸುವುದಿಲ್ಲ.

ಆ ಶುಕ್ರವಾರದ ಹಿಂದಿನ ದಿನವೇ ಅರ್ಶದ್‌ನನ್ನು ಕೇಳಿದ್ದೆ. ಹೇಗೂ ಅಜೆಕಾರಿಗೆ ಹೋಗುತ್ತಿ, ತಣ್ಣಗೆ ಉಂಟು, ಒಂದು ಮೂಲೆಯಲ್ಲಿ ಇಟ್ಟುಕೋ ಎಂದೆ. "ಉಮ್ಮಮ್ಮ, ಅದು ಮದ್ದಿನ ವ್ಯಾನು, ಮೀನಿನ ಲಾರಿ ಅಲ್ಲ" ಎಂದ. ನಕ್ಕುಕೊಂಡೇ ಹೇಳಿದ. ಆಗ ಅವನು ನಗುತ್ತಿದ್ದ.

ಶುಕ್ರವಾರ ಬೆಳಿಗ್ಗೆ ನೆರೆಮನೆಯ ಬೂಬ ದೋಣಿಯಿಂದ ಎರಡು ಮರಿ ತಾಟೆ ತಂದುಕೊಟ್ಟ. ಅರ್ಶದ್ ಯಾವಾಗಲೂ ವ್ಯಾನಿನ ಕೀಯನ್ನು ಮನೆ ಬಾಗಿಲ ಬದಿಯ ಮೊಳೆಗೆ ಹಾಕಿ ಮಸೀದಿಗೆ ಹೋಗುವುದು. ಅವನು ಓಣಿ ದಾಟಿದ ಮೇಲೆ ಕೀ ತೆಗೆದೆ. ಬಾಳೆಲೆಯಲ್ಲಿ ಸುತ್ತಿ, ಮೂರು ಪ್ಲಾಸ್ಟಿಕ್ ಹಾಕಿ, ಮದ್ದಿನ ಡಬ್ಬಿಗಳ ಹಿಂದಿನ ಮೂಲೆಯಲ್ಲಿ ಇಟ್ಟೆ. ಒಂದು ನಿಮಿಷದ ಕೆಲಸ.

ಬಾಗಿಲು ಮುಚ್ಚಲು ಬರಲಿಲ್ಲ. ಅದಕ್ಕೆ ಸುತ್ತ ದಪ್ಪ ರಬ್ಬರ್ ಉಂಟು, ಒತ್ತಿ ಹಿಡಿದು ಹಿಡಿ ತಿರುಗಿಸಬೇಕು. ನನ್ನ ಬೆರಳುಗಳು ಬೀಡಿಯಲ್ಲೇ ಹೋದವು. ಕೈಯಿಂದ ಒತ್ತಿದೆ, ಆಮೇಲೆ ಬೆನ್ನು ಕೊಟ್ಟು ಒತ್ತಿದೆ. ಬೆನ್ನಿಗೆ ತಣ್ಣನೆ ಗಾಳಿ ಬರುತ್ತಿತ್ತು. ಯಾರನ್ನೂ ಕರೆಯಲಿಲ್ಲ. ಕರೆದರೆ ಊರಿಗೆ ಗೊತ್ತಾಗುತ್ತದಲ್ಲ. ಕೊನೆಗೆ ಬೂಬನೇ ಬಲೆ ಹೊತ್ತುಕೊಂಡು ಆ ದಾರಿಯಲ್ಲಿ ಬಂದ, ಒಂದು ಭುಜ ಕೊಟ್ಟ, ಮುಚ್ಚಿತು. ಎಷ್ಟು ಹೊತ್ತಾಗಿತ್ತೋ ನನಗೆ ಗೊತ್ತಿರಲಿಲ್ಲ. ನಲವತ್ತು ನಿಮಿಷ ಅಲ್ಲ ಎಂದು ಮಾತ್ರ ಗೊತ್ತಿತ್ತು. ನಿನ್ನ ಕಾಗದದಲ್ಲಿ ಎಂಟು ಎಂದು ಓದಿದಾಗ, ನನ್ನ ಬೆನ್ನನ್ನು ಯಾರೋ ಕೂತು ಅಳೆದಿದ್ದಾರೆ ಅನಿಸಿತು.

ಕೀ ಮೊಳೆಗೆ ಹಾಕಿದೆ. ಅರ್ಶದ್ ಬಂದು ಉಂಡು ಹೋದ. ನಾನು ಏನೂ ಹೇಳಲಿಲ್ಲ. ಅಲ್ಲಿ ನೋಡಿದಾಗ ಬೈಯುತ್ತಾನೆ, ಬೈಯಲಿ ಎಂದುಕೊಂಡೆ. ಅವನು ಬೈಯಲೂ ಇಲ್ಲ. ಸಮೀಹಾ ಫೋನ್ ಮಾಡಿ ಮೀನು ಸಿಕ್ಕಿತು ಎಂದಳು, ಅಷ್ಟೆ.

ಆಮೇಲೆ ಆ ಕಾಗದ ಬಂತು. ನಲವತ್ತು ನಿಮಿಷ, ಮೂವತ್ತೇಳು ಡಿಗ್ರಿ. ನಾನು ಅದನ್ನು ಹಿಡಿದುಕೊಂಡೆ. ಪೆಟ್ಟಿಗೆ ಸುಳ್ಳು ಹೇಳುತ್ತದೆ ಎಂದಾದರೆ ನಾನು ಮಾಡಿದ್ದೂ ಅದರ ಸುಳ್ಳಿನೊಟ್ಟಿಗೆ ಹೋಗುತ್ತದೆ ಎಂದು. ಅದಕ್ಕೇ ನಿನಗೆ ಬರೆದದ್ದು. ಅರ್ಶದ್ ತೆರೆಯಲಿಲ್ಲ ಎಂದು ಎಷ್ಟು ಸಲ ಬರೆದೆ. ಒಂದು ಸಲವೂ ಸುಳ್ಳು ಬರೆಯಲಿಲ್ಲ. ಅಷ್ಟು ಜಾಣೆ ನಾನು.

ಮೊನ್ನೆ ಅವನನ್ನು ಎದುರು ಕೂರಿಸಿ ಹೇಳಿದೆ. ಗೊತ್ತು ಎಂದ. ಅಜೆಕಾರಿನಲ್ಲಿ ಕೊನೆಯ ಮದ್ದು ಇಳಿಸುವಾಗಲೇ ಮೂಲೆಯ ಕಟ್ಟು ಕಂಡು ಗೊತ್ತಾಗಿತ್ತಂತೆ. ಮೀನು ಕೊಟ್ಟು, ವ್ಯಾನನ್ನು ಲಿಂಬೆ ಹಾಕಿ ಮೂರು ಸಲ ತೊಳೆದನಂತೆ. ಮತ್ತೆ ಪೊರ್ಬುಗಳಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನಾನು ತೆರೆದೆನಾ ಅಂತ ಕೇಳಿದರು. ಇಲ್ಲ ಅಂದೆ. ನೀವು ಹೇಳುತ್ತೀರಿ ಅಂತ ಇದ್ದೆ" ಎಂದ. ಗಟ್ಟಿಯಾಗಿ ಹೇಳಲಿಲ್ಲ. ಹೊತ್ತು ಎಷ್ಟಾಯಿತು ಎಂದು ಯಾರಾದರೂ ಕೇಳಿದರೆ ಹೇಳುವ ಹಾಗೆ ಹೇಳಿದ.

ಆರು ತಿಂಗಳು, ಒಂದೇ ಚಾವಡಿಯಲ್ಲಿ, ಅವನು ಕಾಯುತ್ತಾ ಇದ್ದ. ನಾನು ಅವನಿಗೆ ಅನ್ನ ಬಡಿಸುತ್ತಾ ಇದ್ದೆ.

ನಾಳೆ ಬೂಬನನ್ನು ಕರೆದುಕೊಂಡು ಉಡುಪಿಗೆ ಹೋಗುತ್ತೇನೆ. ಪೊರ್ಬುಗಳ ಎದುರು ನಿಂತು ಹೇಳುತ್ತೇನೆ. ಈ ಕಾಗದವನ್ನೂ ನೀನು ಅವರಿಗೆ ತೋರಿಸಬಹುದು. ಇದು ನನ್ನದೇ ಅಕ್ಷರ.

ಆಮಿನಮ್ಮ


ಅಲೆವೂರು
4 ಜೂನ್ 2025

ಆಮಿನಮ್ಮನವರಿಗೆ,

ನೀವು ಹೋಗಿ ಬಂದ ಮೇಲೆ ಮೌರಿಸ್ ಅವರು ನನಗೆ ಫೋನ್ ಮಾಡಿದ್ದರು. ಮೀನಿನ ವಿಷಯಕ್ಕೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ ಎಂದರು. ಹುಡುಗ ಸುಳ್ಳು ಹೇಳಿರಲಿಲ್ಲ ಎಂಬ ಮಾತನ್ನು ಎರಡು ಸಲ ಹೇಳಿದರು. ವಾಪಸು ಬಾ ಎಂದು ಅವನಿಗೆ ಅವರೇ ಹೇಳುತ್ತಾರೆ. ಮದ್ದು ಕೆಟ್ಟಿರಲಿಲ್ಲ, ತಪ್ಪು ಪೆಟ್ಟಿಗೆಯದು ಎಂದು ಪ್ರತಿ ಅಂಗಡಿಗೂ ಬರೆಯುತ್ತಾರಂತೆ. ಆ ಕಾಗದವನ್ನು ನಾನೇ ಬರೆದುಕೊಟ್ಟೆ.

ಹೊಸ ಪೆಟ್ಟಿಗೆಗಳು ನಾಲ್ಕು ತಪ್ಪು ತಿದ್ದುತ್ತವೆ, ಆಗದಿದ್ದರೆ ಕೂಗುತ್ತವೆ. ಅದನ್ನು ಹೊಂದಿಸಿದ್ದು ಬೇರೆಯವರು. ನಾನು ಕಾರ್ಕಳದ ಮನೆಗೆ ಹೋಗುತ್ತಿದ್ದೇನೆ. ವಿಳಾಸ ಈ ಕಾಗದದ ಹಿಂಬದಿಯಲ್ಲಿ ಬರೆದಿದ್ದೇನೆ.

ಮಗುವಿಗೆ ಹಾಲು ಬಂತೇ? ನೀವು ಬರೆಯಲಿಲ್ಲ.

ರೇಚಲ್


ಕಾಪು
8 ಆಗಸ್ಟ್ 2025

ರೇಚಲ್‌ಗೆ,

ಬಂತು. ತಾಟೆಯಿಂದಲೋ, ಬರುವ ಹೊತ್ತಾಗಿತ್ತೋ, ಯಾರಿಗೆ ಗೊತ್ತು. ಮಗು ಈಗ ಗುಂಡಗೆ ಉಂಟು, ಎಳೆದ ಕೂದಲನ್ನು ಬಿಡುವುದಿಲ್ಲ.

ಅರ್ಶದ್ ಜೂನ್ ಹದಿನಾರರಿಂದ ಕೆಲಸಕ್ಕೆ ಹೋಗುತ್ತಿದ್ದಾನೆ. ಅದೇ ವ್ಯಾನು. ನೀಲಿ ಅಂಗಿಯ ಧೂಳು ಕೊಡವಿ, ಒಗೆದು, ಹಾಕಿಕೊಂಡ. ಮಸೀದಿಯ ಅಂಗಳದಲ್ಲಿ ಹಿಂದೆ ಮಾತಾಡಿದವರೇ ಈಗ ಚಾ ಕುಡಿಸುತ್ತಾರೆ. ಕುಡಿಯುತ್ತಾನೆ. ಅವನ ಹೆಸರು ಅವನಿಗೆ ಸಿಕ್ಕಿತು. ಅದಕ್ಕೆ ನಿನ್ನ ಕೆಲಸ ಹೋಯಿತು, ನನಗೆ ಗೊತ್ತುಂಟು. ಕಾರ್ಕಳದಲ್ಲಿ ಸುಮ್ಮನೆ ಕೂತಿರಬೇಡ. ನೀನು ದೀಪದ ಪಾಠ ಹೇಳಿದ್ದು ನನ್ನ ಮೇಷ್ಟ್ರುಗಳಿಗಿಂತ ಚೆನ್ನಾಗಿತ್ತು. ಎಲ್ಲಿಯಾದರೂ ಮಕ್ಕಳಿಗೆ ಹೇಳು.

ಮಳೆಗಾಲದ ಕಡಲಿನ ಬಂದ್ ಮುಗಿಯಿತು. ಬೂಬ ನಿನ್ನೆ ತಾಟೆ ತಂದ. ನಾನೇ ಚೀಲ ಹಿಡಿದುಕೊಂಡು ಎರಡು ಬಸ್ಸು ಬದಲಿಸಿ ಅಜೆಕಾರಿಗೆ ಹೋದೆ. ಬಸ್ಸಿನಲ್ಲಿ ಪಕ್ಕದವಳು ಮೂಗು ಮುಚ್ಚಿದಳು. ಮುಚ್ಚಿಕೋ ಎಂದೆ.

ಶುಕ್ರವಾರ ವ್ಯಾನ್ ನಮ್ಮ ಓಣಿಗೆ ಬರುವುದಿಲ್ಲ. ಹೈವೇಯಲ್ಲೇ ಹೋಗುತ್ತದೆ. ಅವನು ಜುಮಾವನ್ನು ಮುಂದೆ ಎಲ್ಲೋ ಮುಗಿಸುತ್ತಾನೆ. ಸಂಜೆ ಮನೆಗೆ ಬರುತ್ತಾನೆ, ಸಲಾಂ ಹೇಳುತ್ತಾನೆ, ಮೀನು ಚೆನ್ನಾಗಿದೆ ಎನ್ನುತ್ತಾನೆ. ಈಗ ಆಯ್ತು ಎನ್ನುವುದು ಕಡಿಮೆ.

ಬಾಗಿಲ ಬದಿಯ ಮೊಳೆ ಖಾಲಿ ಉಂಟು. ವ್ಯಾನಿನ ಕೀಗೆ ಒಂದು ಕಪ್ಪು ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿದ್ದಾನೆ. ಉಣ್ಣಲು ಬಗ್ಗಿದಾಗ ಅದು ಅಂಗಿಯಿಂದ ಹೊರಗೆ ಬಂದು ಬಟ್ಟಲಿಗೆ ತಾಗುತ್ತದೆ. ಒಳಗೆ ಹಾಕಿಕೊಳ್ಳುತ್ತಾನೆ. ನಾನು ಆ ಹೊತ್ತಿಗೆ ಸಾರು ತರಲು ಏಳುತ್ತೇನೆ.

ಆಮಿನಮ್ಮ